ವಿಸರ್ಜನೆಯಾಗದ ಕಾರು

ಶಿಕಾಗೋ ಬಳಿಯ ಹಾಫ್‌ಮನ್ ಎಸ್ಟೇಟ್ಸಿನ ದ್ವಾರಕಾನಾಥರು ಸ್ವಂತ ಕೈಯಿಂದ ಕಾರು ಕಟ್ಟಿ ಅದನ್ನು ಡೆಟ್ರಾಯಿಟ್‌ವರೆಗೆ ಓಡಿಸಿದರು ಎಂದು ಕನ್ನಡ ಕೂಟದಲ್ಲಿ ಯಾರಾದರೂ ನಿಮಗೆ ಹೇಳಿದರೆ, ಕಟ್ಟಿದರು ಎಂಬಲ್ಲಿಯವರೆಗೆ ಒಪ್ಪಿಕೊಳ್ಳಿ. ಓಡಿಸಿದರು ಎಂಬ ಮಾತು ಬಂದಾಗ ಮಾತ್ರ ಸುಮ್ಮನೆ ಕಾಫಿ ಕುಡಿಯಿರಿ. ನಾನು ಶ್ರೀಹರಿ, ಅವರ ಪಕ್ಕದ ಮನೆಯವನು. ವೃತ್ತಿಯಿಂದ ಎಲೆಕ್ಟ್ರಿಕಲ್ ಇಂಜಿನಿಯರ್, ದೆವ್ವ ಭೂತಗಳ ವಿಷಯದಲ್ಲಿ ಶುದ್ಧ ನಾಸ್ತಿಕ. ಕಾರು ಕಟ್ಟುವಾಗ ಮೊದಲಿನಿಂದ ಕೊನೆಯವರೆಗೂ ಟಾರ್ಚ್ ಹಿಡಿದವನು ನಾನೇ.

ದ್ವಾರಕಾನಾಥರು ಮೈಸೂರಿನವರು. ಇನ್ಶೂರೆನ್ಸ್ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಾರೆ. ಅವರ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಬೇಕಾದರೆ ಹೆಂಡತಿ ವತ್ಸಲಾ ಸ್ಟೂಲು ಹತ್ತುತ್ತಾರೆ, ಇವರು ಕೆಳಗೆ ನಿಂತು ‘ಸ್ವಲ್ಪ ಎಡಕ್ಕೆ’ ಎನ್ನುತ್ತಾರೆ. ಇಂಥ ಮನುಷ್ಯ ಕಾರಿಗೆ ಕೈ ಹಾಕಿದ್ದು ಭಾವೀ ಬೀಗರ ಒಂದೇ ಒಂದು ಮಾತಿನಿಂದ.

ಅವರ ಒಬ್ಬಳೇ ಮಗಳು ಇಂಚರ, ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡಿನ ಕಲ್ಮೇಶ್ ಎಂಬ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ತಂದೆ ಪಂಚಾಕ್ಷರಿಯವರು ಹುಬ್ಬಳ್ಳಿ ಕಡೆಯವರು. ಡೆಟ್ರಾಯಿಟ್‌ನಲ್ಲಿ ಆಯಸ್ಸೆಲ್ಲ ಕಾರುಗಳ ಬ್ರೇಕು, ಸ್ಟೀರಿಂಗು ಡಿಸೈನ್ ಮಾಡಿ ನಿವೃತ್ತರಾದವರು. ಮೊದಲ ಭೇಟಿಗೆ ಧೈರ್ಯಕ್ಕಿರಲಿ ಎಂದು ದ್ವಾರಕಾನಾಥರು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಊಟದ ಮಧ್ಯದಲ್ಲಿ ಪಂಚಾಕ್ಷರಿಯವರು ರೊಟ್ಟಿ ಮುರಿಯುತ್ತ ಕೇಳಿದರು.

“ಸಾಫ್ಟ್‌ವೇರ್ ಅಂತೀರಿ. ಅದು ಕಣ್ಣಿಗೆ ಕಾಣಂಗಿಲ್ಲ, ಕೈಗೆ ಸಿಗಂಗಿಲ್ಲ. ನಿಮ್ಮ ಕೈಲೆ ಏನಾರ ಮಾಡೀರೇನ್ರಿ?”

ದ್ವಾರಕಾನಾಥರ ಬಾಯಲ್ಲಿ ಎಣ್ಣೆಗಾಯಿ ಇತ್ತು. ಅದನ್ನು ಇಡಿಯಾಗಿ ನುಂಗಿದರು. ಎರಡು ಗುಟುಕು ನೀರು ಕುಡಿದರು. ಆಮೇಲೆ ಹೇಳಿದರು: “ಕಾರ್ ಮಾಡ್ತಿದೀನಿ.”

“ಯಾವ ಕಾರು?” ಎಂದು ಕೇಳಿದವರು ವತ್ಸಲಾ.

“ನಿನಗೆ ಸರ್‌ಪ್ರೈಸ್ ಇರ್ಲಿ ಅಂತ ಹೇಳಿರಲಿಲ್ಲ” ಎಂದು ದ್ವಾರಕಾನಾಥರು ಹೆಂಡತಿಯ ಕಡೆ ನೋಡದೆ ಮುಂದುವರಿಸಿದರು. “ನಿಶ್ಚಿತಾರ್ಥಕ್ಕೆ ಇಂಚರನ್ನ ಅದರಲ್ಲೇ ಕರ್ಕೊಂಡು ಬರ್ತೀನಿ. ಶಿಕಾಗೋ ಇಂದ ಇಲ್ಲೀವರೆಗೂ ನಾನೇ ಡ್ರೈವ್ ಮಾಡ್ಕೊಂಡು.”

“ಬರ್ರಿ, ಬರ್ರಿ” ಎಂದರು ಪಂಚಾಕ್ಷರಿಯವರು, ಬಹಳ ದಿನಕ್ಕೆ ಸಿಕ್ಕ ಸಂತೋಷದಿಂದ. “ನಾ ಒಂದ್ ಸಲ ಕೆಳಗ ಇಣುಕಿ ನೋಡಿ, ಆಮ್ಯಾಲ ಹೇಳ್ತೀನಿ ನೀವು ಎಂಥಾವ್ರು ಅಂತ.”

ಹಿಂದಿರುಗುವಾಗ ನಾನು ವ್ಯಾನು ಓಡಿಸುತ್ತಿದ್ದೆ. ಪಕ್ಕದಲ್ಲಿ ಕೂತ ದ್ವಾರಕಾನಾಥರನ್ನು, ಯಾಕೆ ಸಾರ್ ಈ ಉಸಾಬರಿ ಎಂದು ಬೈದೆ. “ಇನ್ಮೇಲೆ ಅವಳು ಆ ಮನೆಯವಳು ಶ್ರೀಹರಿ. ಆ ಮನೆಗೆ ಹೋಗೋ ದಾರಿನಾದ್ರೂ ನನ್ನ ಕೈಲಿರಲಿ ಅನ್ನಿಸ್ತು” ಎಂದರು. ಹಾಗಾಗಿ ಟಾರ್ಚ್ ಹಿಡಿಯಲು ಒಪ್ಪಿದೆ.

ಕಿಟ್ ಕಾರು ಎಂಬ ವಸ್ತು ಈ ದೇಶದಲ್ಲಿದೆ. ಕಂಪನಿಯವರು ಚಾಸಿಯ ಮೇಲೆ ಇಂಜಿನ್ ಕೂರಿಸಿ, ಮೇಲೊಂದು ಫೈಬರ್‌ಗ್ಲಾಸಿನ ಮೈ ಕೊಟ್ಟು, ಮಿಕ್ಕದ್ದನ್ನೆಲ್ಲ ಪೆಟ್ಟಿಗೆಗಳಲ್ಲಿ ತುಂಬಿ ಕಳಿಸುತ್ತಾರೆ. ಮುಗಿಸುವುದು ಕೊಂಡವನ ಪಾಡು. ಬಣ್ಣ, ಸೀಟು, ದೀಪ, ಹಾರ್ನು ಎಲ್ಲವೂ ಅವನಿಷ್ಟ. ಎಲ್ಕ್ ಗ್ರೋವ್ ವಿಲೇಜಿನ ಒಂದು ಗೋದಾಮಿನಿಂದ ಪೆಟ್ಟಿಗೆಗಳನ್ನು ತಂದು ಗರಾಜಿನಲ್ಲಿ ಇಳಿಸಿದೆವು. ಕಾರಿಗೆ ಎರಡೇ ಸೀಟು. ವತ್ಸಲಾ ಅದನ್ನು ಲೆಕ್ಕ ಹಾಕಿ, “ಅಪ್ಪ, ಮಗಳು. ಸರಿ, ನಾನು ತಟ್ಟೆಗಳ ಜೊತೆ ವ್ಯಾನಲ್ಲಿ ಬರ್ತೀನಿ” ಎಂದರು.

ಸಂದೇಹ ಬಂದರೆ ಕೇಳುವುದಕ್ಕೆ ಕಂಪನಿಯ ಫೋನ್ ಇತ್ತು. ಅದರಲ್ಲಿ ಯಾವಾಗಲೂ ಒಬ್ಬಳೇ ಹೆಂಗಸು, ಯಾವಾಗಲೂ ಒಂದೇ ಧ್ವನಿ, ಯಾವಾಗಲೂ ಒಂದೇ ಉತ್ತರ: ಕಟ್ಟುವವರು ನೀವು, ನಿಮ್ಮಿಷ್ಟ. ಸೀಟನ್ನು ಸ್ವಲ್ಪ ಎತ್ತರಿಸಬಹುದೇ? “ಇಟ್ಸ್ ಯುವರ್ ಬಿಲ್ಡ್, ಸರ್.” ಕಾರಿಗೆ ವತ್ಸಲಾ ಅವರ ಧಾರೆ ಸೀರೆಯ ಕೆಂಪು ಬಣ್ಣ ಬಳಿಯಬಹುದೇ? “ಇಟ್ಸ್ ಯುವರ್ ಬಿಲ್ಡ್, ಸರ್.” ಕರೆಂಟಿನ ಹಾರ್ನು ಬೇಡ, ಮೈಸೂರಿನ ಆಟೋದಲ್ಲಿರುತ್ತಿದ್ದ ರಬ್ಬರ್ ಬುರುಡೆಯ ಪೋಂ ಪೋಂ ಹಾರ್ನು ಹಾಕಬಹುದೇ? ಅದಕ್ಕೂ ಅದೇ ಉತ್ತರ. ಒಂದೇ ಒಂದು ವಿಷಯದಲ್ಲಿ ಆಕೆ ತಾನಾಗಿ ಬಾಯಿ ಬಿಟ್ಟಳು. ಸ್ಟೀರಿಂಗ್ ಕಂಬವನ್ನು ಚಕ್ರಗಳಿಗೆ ಕಟ್ಟಿಡುವ ಒಂದು ಬೋಲ್ಟ್ ಇದೆ, ಹೆಬ್ಬೆರಳಿನಷ್ಟು. ಉಳಿದ ಏನನ್ನು ಮರೆತರೂ ಅದನ್ನು ಮರೆಯಬೇಡಿ ಎಂದಳು. ದ್ವಾರಕಾನಾಥರು ಆ ಬೋಲ್ಟನ್ನು ಕಣ್ಣಿಗೊತ್ತಿಕೊಂಡು ಬೇರೆಯಾಗಿ ತೆಗೆದಿಟ್ಟರು.

ಚಳಿಗಾಲವೆಲ್ಲ ಕೆಲಸ ನಡೆಯಿತು. ಬೇಸಿಗೆಯ ಹೊತ್ತಿಗೆ ಒಂದು ಹೆಡ್‌ಲೈಟು ಮತ್ತು ಸ್ಟೀರಿಂಗು ಬಿಟ್ಟು ಎಲ್ಲವೂ ಕೂತಿತ್ತು. ಕೀಲಿ ತಿರುಗಿಸಿದರೆ ಮಾತ್ರ ಕಾರು ಕ್ಲಿಕ್ ಎಂದು ಕೂಡ ಅನ್ನಲಿಲ್ಲ. ನಾನು ವೈರುಗಳನ್ನೆಲ್ಲ ಬಿಚ್ಚಿ ಕಟ್ಟಿದೆ. ಎಲ್ಲ ಸರಿಯಾಗಿಯೇ ಇತ್ತು.

“ಪೂಜೆ ಇಲ್ದೆ ಸ್ಟಾರ್ಟ್ ಮಾಡಿದ್ರೆ ಇನ್ನೇನಾಗತ್ತೆ?” ಎಂದರು ವತ್ಸಲಾ, ಒಳಗಿನಿಂದ ಹಣಕಿ.

ದೇವಸ್ಥಾನದ ಭಟ್ಟರಿಗೆ ಆ ವಾರವೆಲ್ಲ ಮದುವೆಗಳು. ದ್ವಾರಕಾನಾಥರು ತಾವೇ ಮಾಡುತ್ತೇನೆಂದು ಪಂಚೆ ಉಟ್ಟು ಬಂದರು. ಅಮೆರಿಕದಲ್ಲಿರುವ ನಮ್ಮಂಥ ಅನೇಕ ಗಂಡಸರಿಗೆ ಪೂರ್ತಿ ಬರುವುದು ಒಂದೇ ಪೂಜೆ, ಅದು ಚೌತಿಯ ಗಣೇಶನದು. ಅದೂ ಬರುವುದು ನಮಗಲ್ಲ, ಫೋನಿಗೆ. ಅದರಲ್ಲಿರುವ ಭಟ್ಟರ ಧ್ವನಿ ಹೇಳಿದಂತೆ ನಾವು ಹೂವು ಎಸೆಯುತ್ತೇವೆ. ದ್ವಾರಕಾನಾಥರು ಅದನ್ನೇ ಹಾಕಿದರು. ಬೆಳ್ಳಿತಟ್ಟೆಯಲ್ಲಿ ವೀಳ್ಯದೆಲೆ, ಅದರ ಮೇಲೆ ಸ್ಪ್ಯಾನರ್, ಸ್ಕ್ರೂಡ್ರೈವರ್, ಆ ಮುಖ್ಯವಾದ ಬೋಲ್ಟು, ಎಲ್ಲಕ್ಕೂ ಅರಿಶಿನ ಕುಂಕುಮ.

“ಈಗ ಮೂರ್ತಿಯ ಹೃದಯವನ್ನು ಮುಟ್ಟಿ, ಪ್ರಾಣಪ್ರತಿಷ್ಠೆ ಮಾಡಿ” ಎಂದಿತು ಫೋನು.

“ಹೃದಯ ಎಲ್ಲಿ?” ಎಂದು ದ್ವಾರಕಾನಾಥರು ನನ್ನನ್ನು ಕೇಳಿದರು.

“ಇಂಜಿನ್ ಇರಬೇಕು” ಎಂದೆ. ತಮಾಷೆಗೆ ಹೇಳಿದ್ದು. ಅವರು ಬಾನೆಟ್ ಎತ್ತಿ ಇಂಜಿನ್ನನ್ನು ಗರಿಕೆಯಿಂದ ಮುಟ್ಟಿ, ಪ್ರಾಣವೇ ಬಾ, ಇಲ್ಲಿ ನೆಲೆಸು ಎಂಬ ಮಂತ್ರವನ್ನು ತಪ್ಪಿಲ್ಲದೆ ಹೇಳಿದರು.

“ಈಗ ಮೂರ್ತಿಯ ಕಣ್ಣುಗಳಿಗೆ ತುಪ್ಪ ಸವರಿ” ಎಂದಿತು ಫೋನು. ಇದ್ದದ್ದು ಒಂದೇ ಹೆಡ್‌ಲೈಟು. ಅದಕ್ಕೇ ಸವರಿದರು.

ಮಂಗಳಾರತಿಯ ಗಂಟೆ ಬಾರಿಸಿದಾಗ ಇಂಜಿನ್ ಗುರ್ ಎಂದು ಎದ್ದಿತು. ವತ್ಸಲಾ ಸಂತೋಷದಿಂದ ಗಂಟೆಯನ್ನು ಇನ್ನೂ ಜೋರಾಗಿ ಬಾರಿಸಿದರು. ದ್ವಾರಕಾನಾಥರು ನನ್ನನ್ನು ತಬ್ಬಿಕೊಂಡರು. ಆಗಲೇ ಇಂಚರಳ ಫೋನ್ ಬಂತು, ಭಟ್ಟರ ಧ್ವನಿ ಅರ್ಧಕ್ಕೇ ನಿಂತಿತು. ಪೂಜೆಯ ಕೊನೆಯ ಭಾಗ ಹಾಗೆ ಉಳಿದದ್ದನ್ನು ಆ ಸಡಗರದಲ್ಲಿ ಯಾರೂ ಗಮನಿಸಲಿಲ್ಲ. ಕಾರಿನ ಕೀಲಿ ಇನ್ನೂ ವತ್ಸಲಾ ಅವರ ಸೆರಗಿನ ತುದಿಯಲ್ಲೇ ಇರುವುದನ್ನು ಗಮನಿಸಿದವನು ನಾನೊಬ್ಬನೇ.

ಶಾರ್ಟ್ ಸರ್ಕ್ಯೂಟ್, ಎಂದುಕೊಂಡೆ.

ಮಾರನೆಯ ಬೆಳಗ್ಗೆ ಹೋಗಿ ನೋಡಿದರೆ ಕಾರು ಒಂದು ಗೇಣು ಮುಂದೆ ಬಂದಿತ್ತು. ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಅಪ್ಪಚ್ಚಿ. ಗರಾಜಿನ ನೆಲ ನೀರು ಹೋಗಲೆಂದು ಬಾಗಿಲ ಕಡೆಗೆ ಇಳಿಜಾರಾಗಿರುತ್ತದೆ ಎಂದು ನಾನು ವಿವರಿಸಿದೆ. ಅದರ ಮರುದಿನ ಇನ್ನೊಂದು ಗೇಣು. ಇಟ್ಟಿಗೆ ಅಡ್ಡ ಇಟ್ಟೆವು. ಇಟ್ಟಿಗೆಯೂ ಕಾರಿನ ಜೊತೆ ಒಂದು ಗೇಣು ಬಂತು. ನಾನು ಬ್ಯಾಟರಿಯನ್ನೇ ಕಳಚಿ ಮೂಲೆಯಲ್ಲಿಟ್ಟೆ. ಅಂದು ವತ್ಸಲಾ ಅಡಿಗೆ ಮುಗಿಸಿ ದೇವರಿಗೆ ನೈವೇದ್ಯ ತೋರಿಸುವಾಗ ಗರಾಜಿನಿಂದ ಸ್ಪಷ್ಟವಾಗಿ ಕೇಳಿಸಿತು: ಪೋಂ.

“ಶಾರ್ಟ್ ಸರ್ಕ್ಯೂಟ್” ಎಂದೆ.

“ರಬ್ಬರ್ ಬುರುಡೆಗೆ ಯಾವ ಸರ್ಕ್ಯೂಟು ಶ್ರೀಹರಿ?” ಎಂದರು ವತ್ಸಲಾ. ಬಿಸಿಲಿಗೆ ಬುರುಡೆಯೊಳಗಿನ ಗಾಳಿ ಹಿಗ್ಗಿರಬೇಕು ಎಂದೆ. ಅವರು ನನ್ನ ಮುಖ ನೋಡಿ, ಒಂದು ಬಟ್ಟಲು ಪಾಯಸ ತೆಗೆದುಕೊಂಡು ಹೋಗಿ ಕಾರಿನ ಮುಂದೆ ಇಟ್ಟರು. ಹಾರ್ನು ನಿಂತಿತು.

ದ್ವಾರಕಾನಾಥರು ಕಂಪನಿಗೆ ಫೋನ್ ಮಾಡಿದರು. ಹಾರ್ನು ತಾನಾಗಿ ಕೂಗುತ್ತದೆ, ಕಾರು ತಾನಾಗಿ ನಡೆಯುತ್ತದೆ, ಏನು ಮಾಡಲಿ ಎಂದರು. ಆ ಕಡೆ ಕಾಗದ ಮಗುಚುವ ಸದ್ದು. ಆಮೇಲೆ ಅದೇ ಧ್ವನಿ, ಅದೇ ಮಾತು: “ಇಟ್ಸ್ ಯುವರ್ ಬಿಲ್ಡ್, ಸರ್.” ಈ ಸಲ ಅದನ್ನು ಕೇಳಿ ನಾನು ಹೋಗಿ ಗರಾಜಿನ ಬಾಗಿಲು ಹಾಕಿ ಬಂದೆ.

ಇಂಥ ಹೊತ್ತಿನಲ್ಲಿ ನಮ್ಮ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ಎಲ್ಲರೂ ಹೋಗುವುದು ಅಕ್ಷೋಭ್ಯ ಅಂಕಲ್ ಹತ್ತಿರ. ಅವರು ನಿವೃತ್ತ ಹೃದಯತಜ್ಞರು. ಈಗ ಶಾಸ್ತ್ರಗ್ರಂಥಗಳನ್ನು ಓದುತ್ತಾರೆ, ಆದರೆ ಸ್ಟೆತಾಸ್ಕೋಪ್ ಬಿಟ್ಟಿಲ್ಲ. ಬಂದವರೇ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ ಮೇಲೆ ಸ್ಟೆತಾಸ್ಕೋಪ್ ಇಟ್ಟರು.

“ಇಂಜಿನ್ ಆಫ್ ಇದೆಯೇನ್ರಿ?”

“ಬ್ಯಾಟರಿನೇ ಇಲ್ಲ ಅಂಕಲ್” ಎಂದೆ.

ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ಅದನ್ನು ನನ್ನ ಕಿವಿಗೆ ಹಾಕಿದರು. ಲಬ್, ಡಬ್. ಲಬ್, ಡಬ್. ಅದು ನನ್ನದೇ ಎದೆಯ ಬಡಿತ ಎಂದು ನಾನು ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಆದರೆ ನನ್ನ ಎದೆ ಆಗ ಅದರ ಎರಡರಷ್ಟು ವೇಗದಲ್ಲಿ ಹೊಡೆದುಕೊಳ್ಳುತ್ತಿತ್ತು.

ಅಂಕಲ್ ಪೂಜೆಯ ವಿವರವೆಲ್ಲ ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರು. “ಪ್ರಾಣಪ್ರತಿಷ್ಠೆ ಮಾಡಿದ್ರಿ. ವಿಸರ್ಜನೆ ಮಾಡಿಲ್ಲ. ಅದೂ ಒಂದೇ ಕಣ್ಣಿರೋ ಮೂರ್ತಿಗೆ. ಗಣೇಶನ್ನ ಕೂರಿಸಿ ನೀರಿಗೆ ಬಿಡದೇ ಇದ್ರೆ ಆತ ಏನ್ ಮಾಡ್ಬೇಕು ಹೇಳಿ? ಈ ಗರಾಜಿನ ಬಾಗಿಲು ಯಾವ ದಿಕ್ಕು?”

“ಪೂರ್ವ.”

“ಪೂರ್ವಕ್ಕೆ ಏನಿದೆ?”

ಪೂರ್ವಕ್ಕೆ ಏನಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಮೂವತ್ತು ಮೈಲಿ ಆಚೆ ಲೇಕ್ ಮಿಷಿಗನ್ ಇದೆ. “ಮುಳುಗೋಕೆ ಹೊರಟಿದ್ದಾನೆ” ಎಂದರು ಅಂಕಲ್.

ಕೂಡಲೇ ವಿಸರ್ಜನೆ ಮಾಡಿಬಿಡಿ ಎಂದು ನಾನು ಬಡಕೊಂಡೆ. ಅಪೂರ್ಣ ಮೂರ್ತಿಯನ್ನು ಕಳಿಸುವ ಹಾಗಿಲ್ಲ, ಮೊದಲು ಮುಗಿಸಬೇಕು ಎಂದರು ಅಂಕಲ್. ಅಲ್ಲಿಯವರೆಗೆ ಪೂಜೆಯ ತಟ್ಟೆಯನ್ನು ಯಾರೂ ಮುಟ್ಟಕೂಡದು, ಅದರಲ್ಲಿಟ್ಟ ಒಂದು ಕಡ್ಡಿಯನ್ನೂ ಕದಲಿಸಕೂಡದು. ವತ್ಸಲಾ ತಟ್ಟೆಯ ಮೇಲೆ ರೇಷ್ಮೆ ವಸ್ತ್ರ ಮುಚ್ಚಿ ದೇವರಮನೆಯಲ್ಲಿಟ್ಟರು.

“ವಿಸರ್ಜನೆ ಆದ್ಮೇಲೆ ಕಾರು ಓಡತ್ತಾ ಅಂಕಲ್?” ಎಂದು ದ್ವಾರಕಾನಾಥರು ಮೆಲ್ಲಗೆ ಕೇಳಿದರು.

“ಪ್ರಾಣ ಬಂದ್ಮೇಲೆ ಸ್ಟಾರ್ಟ್ ಆಯ್ತು ಅಂತೀರಿ. ಪ್ರಾಣ ಹೋದ್ಮೇಲೆ ಏನಾಗತ್ತೋ, ನಾನು ಡಾಕ್ಟರು, ಗ್ಯಾರಂಟಿ ಕೊಡಲ್ಲ.”

ದ್ವಾರಕಾನಾಥರ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು, ನಿಶ್ಚಿತಾರ್ಥ ಮುಗಿಯುವವರೆಗೆ ಈತ ದೇವರನ್ನು ಬಿಟ್ಟುಕೊಡುವುದಿಲ್ಲ.

ಅಲ್ಲಿಂದ ಮುಂದೆ ಆ ಗರಾಜಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಚಪ್ಪಲಿ ಹೊರಗೆ. ದ್ವಾರಕಾನಾಥರು ಎರಡನೆಯ ಹೆಡ್‌ಲೈಟ್ ಹಾಕುವಾಗ ಒಂದೊಂದು ಸ್ಕ್ರೂಗೂ “ನೋಯ್ತೇನಪ್ಪಾ? ಕ್ಷಮಿಸು” ಎಂದರು. ಸ್ಟೀರಿಂಗನ್ನು ಮೆಲ್ಲಗೆ ಸಿಕ್ಕಿಸಿ, ನಮಸ್ಕಾರ ಮಾಡಿ, ಹಿಂದೆ ಸರಿದರು. ಸಬ್‌ಡಿವಿಷನ್ನಿನ ಕನ್ನಡದವರೆಲ್ಲ ಸಾಲಾಗಿ ದರ್ಶನಕ್ಕೆ ಬಂದರು. ಎದುರು ಮನೆಯ ಅಮೆರಿಕನ್ ಹೆಂಗಸು ಮಾತ್ರ ದರ್ಶನಕ್ಕಲ್ಲ, ದೂರು ಕೊಡಲು ಬಂದಳು. ತಾನು ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವಾಗ ನಿಮ್ಮ ಕಾರು ತನ್ನನ್ನೇ ನೋಡುತ್ತದೆ, ಅದರಲ್ಲೂ ಮೊದಲು ಹಾಕಿದ ಕಣ್ಣು, ಎಂದಳು. ವತ್ಸಲಾ ಅವಳ ಹಣೆಗೆ ಕುಂಕುಮ ಇಟ್ಟು, ಎರಡು ಕಡುಬು ಕೊಟ್ಟು ಕಳಿಸಿದರು. ಮಾರನೆಯ ದಿನ ಅವಳ ಅಡಿಗೆಮನೆಗೆ ಪರದೆ ಬಂದಿತ್ತು.

ಕಾರಿಗೆ ನಂಬರು ಕೊಡುವ ಮೊದಲು ತಪಾಸಣೆಗೆಂದು ಸರ್ಕಾರಿ ಅಧಿಕಾರಿ ಬಂದರು. ದಪ್ಪ ಮೀಸೆ, ಸೊಂಟದಲ್ಲಿ ಪಿಸ್ತೂಲು. ವತ್ಸಲಾ ಶೂ ಬಿಚ್ಚಿಸಿದರು. ಕಾಲುಚೀಲದಲ್ಲಿ ಅಧಿಕಾರಿಯ ಗತ್ತು ಅರ್ಧ ಇಳಿಯಿತು. ನಾನು ಬ್ಯಾಟರಿಯನ್ನು ಮತ್ತೆ ಕೂರಿಸಿದ್ದೆ; ದೀಪ ನೋಡಿದರು, ಬ್ರೇಕು ನೋಡಿದರು, ಕಾರಿನ ಮೈ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು.

“ಯಾಕೆ ಬೆಚ್ಚಗಿದೆ?” ಎಂದರು ಇಂಗ್ಲಿಷಿನಲ್ಲಿ.

“ವೆದರ್” ಎಂದೆ ನಾನು. ಬೇಸಿಗೆಯಾದರೂ ಅವತ್ತು ಐವತ್ತು ಡಿಗ್ರಿ ಫ್ಯಾರನ್‌ಹೀಟ್, ಸ್ವೆಟರ್ ಹಾಕುವಷ್ಟು ಚಳಿ, ಮೋಡ ಬೇರೆ.

ಅವರು ಕೆಳಗೆ ಇಣುಕಲೆಂದು ಮೊಣಕಾಲೂರಿದರು. ದ್ವಾರಕಾನಾಥರು ಬಾನೆಟ್‌ಗೆ ಬಾಗಿ, “ಸ್ವಲ್ಪ ತಡ್ಕೋಪ್ಪಾ, ಈಗ ಹೋಗ್ತಾರೆ” ಎಂದು ಸಮಾಧಾನ ಹೇಳಿದರು.

“ಯಾರ ಜೊತೆ ಮಾತಾಡ್ತಿದೀರಿ? ಒಳಗೆ ಯಾರಿದ್ದಾರೆ?”

“ನೋಬಡಿ, ಆಫೀಸರ್.”

ಪೋಂ, ಎಂದಿತು ಕಾರು. ಅದರ ನೈವೇದ್ಯದ ಹೊತ್ತು ಮೀರಿತ್ತು. ಅಧಿಕಾರಿ ಎದ್ದರು, ನಿಂತಲ್ಲೇ ಸಹಿ ಹಾಕಿದರು, ಶೂ ಕೈಯಲ್ಲೇ ಹಿಡಿದುಕೊಂಡು ತಮ್ಮ ಜೀಪಿಗೆ ಹೋದರು. ಕೆಳಗೆ ಇಣುಕುವ ಕೆಲಸ ಹಾಗೆ ಪಂಚಾಕ್ಷರಿಯವರ ಪಾಲಿಗೆ ಉಳಿಯಿತು.

ನಿಶ್ಚಿತಾರ್ಥದ ದಿನ ಬೆಳಗ್ಗೆ ಹೊರಟೆವು. ಮುಂದೆ ಕೆಂಪು ಕಾರಿನಲ್ಲಿ ದ್ವಾರಕಾನಾಥರು, ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟ ಇಂಚರ. ಹಿಂದೆ ನನ್ನ ವ್ಯಾನಿನಲ್ಲಿ ವತ್ಸಲಾ, ತೊಡೆಯ ಮೇಲೆ ರೇಷ್ಮೆ ಮುಚ್ಚಿದ ಅದೇ ಬೆಳ್ಳಿತಟ್ಟೆ. ಶಾಸ್ತ್ರ ಮುಗಿದ ಕೂಡಲೇ ಅಲ್ಲೇ ವಿಸರ್ಜನೆ ಮಾಡಿಸುವುದೆಂದು ಅವರು ಗಂಡನಿಂದ ಆಣೆ ಹಾಕಿಸಿಕೊಂಡಿದ್ದರು.

ಶಿಕಾಗೋದಿಂದ ಡೆಟ್ರಾಯಿಟ್‌ಗೆ ಹೋಗುವ ದಾರಿ ಅದೇ ಲೇಕ್ ಮಿಷಿಗನ್ ಸರೋವರವನ್ನು ಬಳಸಿಕೊಂಡು ಹೋಗುತ್ತದೆ. ಎಷ್ಟೋ ದೂರ ನೀರು ಎಡಗಡೆಗೇ ಇರುತ್ತದೆ. ಊರು ದಾಟಿದ್ದೇ ತಡ, ಕೆಂಪು ಕಾರು ಎಡಕ್ಕೆ ವಾಲತೊಡಗಿತು. ಲೇನಿನ ಗೆರೆ ಮುಟ್ಟುವುದು, ಬೆಚ್ಚಿದಂತೆ ಸರಿಯಾಗುವುದು, ಮತ್ತೆ ಮುಟ್ಟುವುದು. ಎಡಗಡೆಯ ಸಿಗ್ನಲ್ ದೀಪ ಹೊತ್ತಿಕೊಂಡದ್ದು ಆರಲೇ ಇಲ್ಲ. ನಾನು ಇಂಚರಳಿಗೆ ಫೋನ್ ಮಾಡಿ, ಅಪ್ಪನಿಗೆ ನೇರ ಓಡಿಸಲು ಹೇಳಮ್ಮಾ ಎಂದೆ.

“ಅಂಕಲ್” ಎಂದಳು ಇಂಚರ. ಅವಳ ಧ್ವನಿ ಬಹಳ ಸಣ್ಣದಾಗಿತ್ತು. “ದ ವೀಲ್ ಟರ್ನ್ಸ್ ಫಸ್ಟ್. ದೆನ್ ಅಪ್ಪಾಸ್ ಹ್ಯಾಂಡ್ಸ್.”

ಸ್ಟೀರಿಂಗು ಮೊದಲು, ಆಮೇಲೆ ಅಪ್ಪನ ಕೈ. ನಾನು ಫೋನ್ ಇಟ್ಟೆ. ಏನಂತೆ ಎಂದು ವತ್ಸಲಾ ಕೇಳಿದರು. ಏನಿಲ್ಲ, ಗಾಳಿ ಜೋರಂತೆ ಎಂದೆ.

ಮಿಷಿಗನ್ ರಾಜ್ಯ ಹೊಕ್ಕ ಸ್ವಲ್ಪ ಹೊತ್ತಿಗೆ ಕೆಂಪು ಕಾರು ಹೇಳದೆ ಕೇಳದೆ ಹೆದ್ದಾರಿ ಬಿಟ್ಟು ಒಂದು ಎಕ್ಸಿಟ್ ತೆಗೆದುಕೊಂಡಿತು. ನಾನು ಹಾರ್ನು ಹೊಡೆಯುತ್ತ ಹಿಂದೆ ಓಡಿಸಿದೆ. ಸಣ್ಣ ಊರು, ಐಸ್‌ಕ್ರೀಮ್ ಅಂಗಡಿ, ಆಮೇಲೆ ಮರಳು. ಕಾರು ಪಾರ್ಕಿಂಗ್ ಜಾಗವನ್ನು ದಾಟಿ, ಮರಳಿನಲ್ಲಿ ಇಳಿದು, ನೀರು ಹತ್ತು ಮಾರು ದೂರವಿರುವಾಗ ನಿಂತಿತು. ದ್ವಾರಕಾನಾಥರ ಎರಡು ಕಾಲೂ ಬ್ರೇಕಿನ ಮೇಲಿದ್ದವು. ಸ್ನಾನಕ್ಕೆ ಬಂದಿದ್ದ ಜನ ಎದ್ದು ನಿಂತು ನೋಡಿದರು.

ಇಂಚರಳನ್ನು ಇಳಿಸಲು ಹೋದೆ. ಬಾಗಿಲು ತೆರೆಯಲಿಲ್ಲ. ಇಂಜಿನ್ ಸಣ್ಣಗೆ ಗುರುಗುಟ್ಟುತ್ತಿತ್ತು, ಮುಂದಿನ ಚಕ್ರಗಳು ಮರಳಿನಲ್ಲಿ ಮೆಲ್ಲಗೆ ಹೊರಳುತ್ತಿದ್ದವು.

“ರೀ” ಎಂದು ವತ್ಸಲಾ ಕೂಗಿದರು. ತಟ್ಟೆಯನ್ನು ಎದೆಗೆ ಅವಚಿಕೊಂಡಿದ್ದರು. “ಮಗು ಒಳಗಿದೆ ರೀ.”

ದ್ವಾರಕಾನಾಥರು ಸ್ಟೀರಿಂಗ್ ಬಿಟ್ಟರು. ಎರಡೂ ಕೈ ಜೋಡಿಸಿದರು. “ನಂದೇ ತಪ್ಪಪ್ಪಾ. ನಿನ್ನನ್ನ ಕರೆದು ಕೂರಿಸಿದ್ದು ನಾನು, ನನ್ನ ಜಂಭಕ್ಕೆ ನಿನ್ನನ್ನ ಹಿಡಿದಿಟ್ಟಿದ್ದೂ ನಾನು. ಮೊದಲು ನನ್ನ ಮಗಳನ್ನ ಅವಳ ಮನೆ ಸೇರಿಸು. ಶಾಸ್ತ್ರ ಆದ ತಕ್ಷಣ ನಿನ್ನನ್ನ ಕಳಿಸಿಕೊಡ್ತೀನಿ. ಇವಳ ಆಣೆ.”

ಚಕ್ರಗಳು ನಿಂತವು. ಎಡಗಡೆಯ ಸಿಗ್ನಲ್ ದೀಪ ಆರಿತು. ಬಲಗಡೆಯದು ಹೊತ್ತಿಕೊಂಡಿತು.

ಅಲ್ಲಿಂದ ವೆಸ್ಟ್ ಬ್ಲೂಮ್‌ಫೀ‌ಲ್ಡಿನವರೆಗೆ ಆ ಕಾರು ಗೆರೆ ಎಳೆದಂತೆ ನೇರವಾಗಿ ಹೋಯಿತು. ಟ್ರಕ್ಕುಗಳು ದಾರಿ ಬಿಟ್ಟುಕೊಟ್ಟವು. ಹಿಂದಿನಿಂದ ನೋಡುತ್ತಿದ್ದ ನನಗೆ, ದ್ವಾರಕಾನಾಥರು ದಾರಿಯುದ್ದಕ್ಕೂ ಮಗಳ ಕಡೆ ತಿರುಗಿ ಏನೇನೋ ಹೇಳುತ್ತಿದ್ದದ್ದು, ಅವಳು ನಗುತ್ತಿದ್ದದ್ದು ಕಾಣಿಸುತ್ತಿತ್ತು. ರಸ್ತೆಯನ್ನು ಅವರು ನೋಡಿದ್ದೇ ಕಡಿಮೆ.

ಪಂಚಾಕ್ಷರಿಯವರು ಡ್ರೈವ್‌ವೇಯಲ್ಲೇ ಕಾಯುತ್ತಿದ್ದರು, ಟಾರ್ಚ್ ಸಮೇತ. ಹೆಂಡತಿ ಪ್ರಭಾವತಿಯವರು ಆರತಿ ತಟ್ಟೆ ಹಿಡಿದು, “ಮೊದ್ಲ ಹುಡುಗೀನ ಒಳಗ ಕರ್ಕೊಳ್ರಿ, ಆಮ್ಯಾಲ ಗಾಡಿ ನೋಡೀರಂತ” ಎಂದರೂ ಕೇಳಲಿಲ್ಲ. ಇಂಚರ ಇಳಿದು ಕಲ್ಮೇಶನ ಪಕ್ಕ ನಿಂತ ಮೇಲೆ ಪಂಚಾಕ್ಷರಿಯವರು ಕಾರಿನ ಸುತ್ತ ಒಂದು ಸುತ್ತು ಬಂದರು.

“ಮುನ್ನೂರು ಮೈಲಿ ಓಡಿಸ್ಕೊಂಡ್ ಬಂದೀರಿ? ಏನೂ ತ್ರಾಸ ಆಗ್ಲಿಲ್ಲೇನು?”

“ಇಲ್ಲ” ಎಂದರು ದ್ವಾರಕಾನಾಥರು. ಕಾರಿನ ಅಡಿಯಿಂದ ಇನ್ನೂ ಮರಳು ಉದುರುತ್ತಿತ್ತು.

ಪಂಚಾಕ್ಷರಿಯವರು ಡ್ರೈವರ್ ಸೀಟಿನಲ್ಲಿ ಕೂತರು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಗಟ್ಟಿ ಇದೆಯೇ ನೋಡಲು, ತಮ್ಮ ಕಡೆಗೆ ಸ್ವಲ್ಪ ಎಳೆದರು.

ಸ್ಟೀರಿಂಗು ಕೈಗೆ ಬಂತು. ಅದರ ಹಿಂದಿನ ಕಂಬವೂ ಸಲೀಸಾಗಿ ಕಳಚಿ ಬಂದು ಅವರ ತೊಡೆಯ ಮೇಲೆ ಮಲಗಿತು.

ಅವರು ಟಾರ್ಚ್ ಹಾಕಿ ಕಾಲಿಡುವ ಜಾಗದಲ್ಲಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಎದ್ದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ.

“ಇಲ್ಲೆ ಬೋಲ್ಟ ಇಲ್ರಿ. ಕಂಬಾನ ಚಕ್ರಕ್ಕ ಹಿಡಿಯೋ ಬೋಲ್ಟು. ಹಾಕೇ ಇಲ್ಲ. ಇದು ಇಲ್ಲದ ಗಾಡಿ ಈ ಓಣಿ ದಾಟಂಗಿಲ್ಲ.”

ವತ್ಸಲಾ ಬೆಳ್ಳಿತಟ್ಟೆಯ ಮೇಲಿನ ರೇಷ್ಮೆ ವಸ್ತ್ರ ಸರಿಸಿದರು. ಒಣಗಿದ ವೀಳ್ಯದೆಲೆಯ ಮೇಲೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಪೂಜೆಯ ದಿನ ಇಟ್ಟ ಜಾಗದಲ್ಲೇ ಇತ್ತು, ಹೆಬ್ಬೆರಳಿನಷ್ಟು ದಪ್ಪ. ಪಂಚಾಕ್ಷರಿಯವರು ಅದಕ್ಕೆ ಕೈ ಚಾಚಿದರು.

“ಮುಟ್ಟಬೇಡಿ!” ಎಂದು ಕಿರುಚಿದರು ವತ್ಸಲಾ. “ವಿಸರ್ಜನೆ ಆಗಿಲ್ಲ!”

ಪಂಚಾಕ್ಷರಿಯವರು ಚಾಚಿದ ಕೈ ಹಿಂದೆಗೆದರು. ಸ್ಟೀರಿಂಗನ್ನು ಮಗುವನ್ನು ಎತ್ತಿಕೊಂಡ ಹಾಗೆ ತೋಳಲ್ಲಿ ಹಿಡಿದು ದ್ವಾರಕಾನಾಥರ ಎದುರು ನಿಂತರು. ಅವರ ಧ್ವನಿಯಲ್ಲಿ ಈಗ ಪರೀಕ್ಷೆಯಿರಲಿಲ್ಲ, ಬರೀ ಭಯವಿತ್ತು.

“ಖರೇ ಹೇಳ್ರಿ. ಈ ಗಾಡಿ ಯಾರ್ ಓಡಿಸ್ಕೊಂಡ್ ಬಂದ್ರು?”

ದ್ವಾರಕಾನಾಥರು ಮಗಳ ಕಡೆ ನೋಡಿದರು. ಅವಳು ಕಲ್ಮೇಶನ ತೋಳು ಹಿಡಿದು ನಿಂತಿದ್ದಳು, ಮೈಯಲ್ಲಿ ಒಂದು ಗೀರೂ ಇಲ್ಲದೆ. ಅವರ ಕಣ್ಣಲ್ಲಿ ನೀರು ಬಂತು. ಅವರು ಜಂಭ ಬಿಟ್ಟು ಆಡಿದ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

“ನಾನಲ್ಲ” ಎಂದರು.

ನಿಶ್ಚಿತಾರ್ಥ ಚೆನ್ನಾಗಿಯೇ ಆಯಿತು, ಎಲ್ಲರೂ ಒಂದು ಕಣ್ಣನ್ನು ಕಿಟಕಿಯ ಹೊರಗಿಟ್ಟಿದ್ದರು ಅಷ್ಟೆ. ಉಂಗುರ ಬದಲಾಯಿಸುವಾಗ ಹೊರಗಿನಿಂದ ಪೋಂ ಎಂದಿತು. ಪುರೋಹಿತರು ಮಂತ್ರ ಬೇಗ ಬೇಗ ಮುಗಿಸಿದರು. ಆಮೇಲೆ ಎರಡೂ ಮನೆಯವರು ಡ್ರೈವ್‌ವೇಗೆ ಬಂದೆವು. ಫೋನಿನಲ್ಲಿ ಅಂದು ಅರ್ಧಕ್ಕೆ ನಿಂತ ಧ್ವನಿ ಉಳಿದದ್ದನ್ನು ಹೇಳಿತು: ಹೋಗಿ ಬಾ, ಮತ್ತೆ ಕರೆದಾಗ ಬಾ. ದಾರಿಗೆ ಬುತ್ತಿಯೆಂದು ವತ್ಸಲಾ ಮೊಸರವಲಕ್ಕಿ ಇಟ್ಟರು. ಮೂರ್ತಿಯನ್ನು ಉತ್ತರಕ್ಕೆ ಸ್ವಲ್ಪ ಕದಲಿಸಿ ಎಂದಿತು ಫೋನು. ಎಲ್ಲರೂ ಸೇರಿ ಕಾರನ್ನು ಒಂದು ಗೇಣು ತಳ್ಳಿದೆವು. ಅದು ಅಷ್ಟು ಭಾರವಿದೆಯೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಹೂವು ಅಕ್ಷತೆಯನ್ನು ಪ್ರಭಾವತಿಯವರು ಮನೆಯ ಹಿಂದಿನ ಸಣ್ಣ ಸರೋವರದಲ್ಲಿ ಬಿಟ್ಟು ಬಂದರು. ನಾನು ಬಾನೆಟ್ ಮುಟ್ಟಿ ನೋಡಿದೆ. ತಣ್ಣಗಿತ್ತು.

ಆಗ ಪಂಚಾಕ್ಷರಿಯವರು ತಟ್ಟೆಯಿಂದ ಬೋಲ್ಟನ್ನೂ ಸ್ಪ್ಯಾನರನ್ನೂ ತೆಗೆದು ದ್ವಾರಕಾನಾಥರ ಕೈಗಿಟ್ಟರು. “ಕಡೀ ಬೋಲ್ಟು ನೀವ ಹಾಕ್ರಿ ಬೀಗ್ರ. ನಾ ಬೆಳಕ ಹಿಡೀತೀನಿ.”

“ನನ್ನ ಕೈ ನಡುಗ್ತಿದೆ.”

“ನಂದೂ ನಡಗಾಕತ್ತೈತಿ. ಇಬ್ರೂ ಹಿಡಿಯೂಣು ಬರ್ರಿ.”

ಇಬ್ಬರೂ ಒಟ್ಟಿಗೆ ಕಾಲಿಡುವ ಜಾಗದಲ್ಲಿ ತಲೆ ತೂರಿಸಿದರು. ಟಾರ್ಚ್ ಕಡೆಗೆ ನನ್ನ ಕೈಗೇ ಬಂತು.

ದ್ವಾರಕಾನಾಥರು, ಬೀಗರ ಮನೆಯಲ್ಲಿ ಕೆಲವು ದಿನ ಇರಲಿದ್ದ ಮಗಳನ್ನು ಬಿಟ್ಟು ಹೊರಡಲು ಮನಸ್ಸಾಗದೆ, ಎರಡು ದಿನ ಅಲ್ಲೇ ಉಳಿದರು. ನನಗೆ ಆಫೀಸಿತ್ತು. ವ್ಯಾನನ್ನು ಅವರಿಗೆ ಬಿಟ್ಟು, ಮಾರನೆಯ ಬೆಳಗ್ಗೆ ಕೆಂಪು ಕಾರು ತೆಗೆದುಕೊಂಡು ನಾನೊಬ್ಬನೇ ಹೊರಟೆ. ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಯಿತು, ಕೀಲಿಯಿಂದಲೇ ಆಯಿತು. ಸ್ಟೀರಿಂಗು ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ನಾನು ತಿರುಗಿಸಿದಷ್ಟೇ ತಿರುಗಿತು. ಸರೋವರ ಬಲಗಡೆ ಬಂತು, ಆ ಐಸ್‌ಕ್ರೀಮ್ ಅಂಗಡಿಯ ಎಕ್ಸಿಟ್ ಬಂತು, ಹೋಯಿತು. ನಾನು ರಬ್ಬರ್ ಬುರುಡೆಯನ್ನು ಒಮ್ಮೆ ಒತ್ತಿ, ಸ್ವಲ್ಪ ಹೊತ್ತು ಕಾದೆ. ನಾನು ಒತ್ತಿದ ಪೋಂ ಬಿಟ್ಟರೆ ಇನ್ನೊಂದು ಬರಲಿಲ್ಲ.

ಮನೆಯವರೆಗೂ ಆ ಕಾರನ್ನು ಓಡಿಸಿದವನು ನಾನೊಬ್ಬನೇ, ಇನ್ಯಾರ ಕೈಯೂ ಇರಲಿಲ್ಲ; ನಂಬಲು ಇದ್ದದ್ದು ದ್ವಾರಕಾನಾಥರು ಬಿಗಿದ ಬೋಲ್ಟೊಂದೇ. ಅಷ್ಟು ಹೆದರಿಕೆ ನನಗೆ ಆ ಗರಾಜಿನಲ್ಲೂ ಆಗಿರಲಿಲ್ಲ.